ಹೋಲ್ಡಾನ್

ಮೂವತ್ತೊಂದು ವರ್ಷ ಈ ಗುಡ್ಡೆಯ ಬುಡಕ್ಕೆ
ದಿನಕ್ಕೆ ಆರು ಸಲ ಬಂದು ತಿರುಗಿದವ ನಾನು.
ಬಂದ್ಯೋಡು, ಪೆರ್ಮುದೆ, ಧರ್ಮತ್ತಡ್ಕ,
ಚಿಲ್ಲರೆ ಕೊಡಿ, ಒಳಗೆ ಹೋಗಿ, ಒಳಗೆ ಜಾಗ ಉಂಟು.
ಕಿಟಕಿಯಲ್ಲಿ ಪೊಸಡಿಗುಂಪೆ ಒಂದು ಬೋಳುತಲೆ.
ಅದು ಟಿಕೇಟು ಕೇಳಲಿಲ್ಲ,
ನಾನು ಅದರ ಮುಖ ನೋಡಲಿಲ್ಲ.

ಈಗ ಡಾಕ್ಟರು ನಡೆಯಿರಿ ಎಂದಿದ್ದಾರೆ.
ಬಿಸುವಿಗೆ ಇನ್ನು ಒಂಬತ್ತು ದಿನ.
ಮೊನ್ನೆ ರಾತ್ರಿ ಬಂದ ಮಳೆ ಅಂಗಳ ನೆನೆಸಲಿಲ್ಲ,
ಆದರೂ ಮುಳಿಹುಲ್ಲು ಕೊಯ್ದ ಕೂಳೆಯ ಸಂದಿಯಲ್ಲಿ
ಹಸಿರು. ಉಂಟೆಂದರೆ ಉಂಟು, ಇಲ್ಲವೆಂದರೆ ಇಲ್ಲ,
ಕ್ಷೌರದ ಮರುದಿನದ ಗಲ್ಲದ ಹಾಗೆ.

ಮುಂದೆ ಮಿಸ್ರಿಯಾ, ನೆರೆಮನೆಯ ಅದ್ರಾಮನ ಮಗಳು,
ಏಳನೆಯ ಕ್ಲಾಸು, ರಬ್ಬರ್ ಚಪ್ಪಲಿ,
ಕಂಡ ಹಕ್ಕಿಯನ್ನೆಲ್ಲ ಪುಸ್ತಕದಲ್ಲಿ ಬರೆಯುತ್ತಾಳೆ:
ಹೆಸರು, ಸಮಯ, ಎಷ್ಟು ಜನ.
ಜನ ಅಲ್ಲ ಮಗಾ, ಎಷ್ಟು ಹಕ್ಕಿ, ಅಂದೆ.
ನೀವು ಕೋಳಿಗೂ ಟಿಕೇಟು ಕೊಟ್ಟಿದ್ದೀರಂತೆ,
ಉಪ್ಪ ಹೇಳಿದ್ದಾರೆ.
ಕೊಟ್ಟದ್ದು ಹೌದು.
ಹಾಫ್ ಟಿಕೇಟು.

ತಂತಿಯ ಮೇಲೆ ಕಳ್ಳಿಪೀರಗಳು
ಮೈಗೆ ಮೈ ತಾಗಿಸಿ, ಬಾಲದ ಕಡ್ಡಿ ಇಳಿಬಿಟ್ಟು,
ಮೂರರ ಸೀಟಿನಲ್ಲಿ ನಾಲ್ಕು.
ಒಂದು ಹಾರಿತು, ಗಾಳಿಯಲ್ಲೇ ಜೇನ್ನೊಣ ಹಿಡಿದು
ತಂತಿಗೆ ಬಡಿದು ಬಡಿದು ನುಂಗಿ
ತನ್ನ ಜಾಗದಲ್ಲೇ ಬಂದು ಕೂತಿತು.
ಟವೆಲು ಇಟ್ಟು ಹೋಗಿತ್ತೋ ಏನೋ.

ಕುಂಟಾಲದ ಕೆಂಪು ಚಿಗುರು. ಕೆಳಗಿನ ತೋಪಿನಿಂದ
ಗೇರುಹೂವಿನ ಕಮಟು ಸಿಹಿ ಹತ್ತಿ ಬರುತ್ತದೆ.
ಮೊಲದ ಹಿಕ್ಕೆ. ಮುಳ್ಳುಹಂದಿಯ ಒಂದೇ ಒಂದು ಮುಳ್ಳು;
ಮಿಸ್ರಿಯಾ ಅದನ್ನು ಪೆನ್ನಿನ ಪಕ್ಕ ಸಿಕ್ಕಿಸಿಕೊಂಡಳು.
ಕೂಳೆಯಿಂದ ಎದ್ದ ಜುಟ್ಟಿನ ನೆಲಗುಬ್ಬಿ
ಹಾಡುತ್ತಾ ಹಾಡುತ್ತಾ ಚುಕ್ಕೆಯಾಗಿ, ಚುಕ್ಕೆಯೂ ಅಳಿಸಿ,
ಹಾಡು ಮಾತ್ರ ಅಲ್ಲೇ ನೇತಾಡಿತು.
ನಾನು ಮೊಣಕಾಲು ಹಿಡಿದು ಕೂತೆ,
ಕುತ್ತಿಗೆ ನೋಯುವವರೆಗೆ ನೋಡಿದೆ.

ಪಾದೆಯ ಹತ್ತಿರ ಬೈಗುಳ ಶುರುವಾಯಿತು.
ಹಳದಿ ಗಲ್ಲದ ಟಿಟ್ಟಿಭ, ಕಡ್ಡಿ ಕಾಲು, ಕಪ್ಪು ಟೊಪ್ಪಿ.
ನನಗೆ ಕೇಳಿದ್ದು: ದಾಯೆಗ್? ದಾಯೆಗ್?
ಅವಳಿಗೆ ಕೇಳಿದ್ದು: ಎಂದಿನಾ? ಎಂದಿನಾ?
ಯಾವುದು ಬರೆಯಲಿ ಅಜ್ಜಾ?
ಎರಡೂ ಬರಿ.
ಈ ರೂಟಿನಲ್ಲಿ ಒಂದೇ ಭಾಷೆಯಲ್ಲಿ ಬೈದರೆ ಸಾಲುವುದಿಲ್ಲ.

ಹಕ್ಕಿ ಆಚೆ ಓಡಿತು, ರೆಕ್ಕೆ ಮುರಿದ ಹಾಗೆ ಎಳೆಯಿತು,
ಬಿದ್ದಿತು, ಎದ್ದಿತು, ತಿರುಗಿ ನೋಡಿತು.
ಅಯ್ಯೋ ಪಾಪ ಎಂದು ಮಿಸ್ರಿಯಾ
ಅದನ್ನೇ ನೋಡುತ್ತಾ ಒಂದು ಹೆಜ್ಜೆ

ಹೋಲ್ಡಾನ್!

ನಾಲ್ಕು ವರ್ಷದಿಂದ ಗಂಟಲಲ್ಲಿ ತುಕ್ಕು ಹಿಡಿದಿದ್ದ ಸದ್ದು.
ಅವಳ ಬಲಗಾಲು ಗಾಳಿಯಲ್ಲೇ ನಿಂತಿತು.
ಕಾಲಡಿಯಲ್ಲಿ ನಾಲ್ಕು ಮೊಟ್ಟೆ,
ಮುರಕಲ್ಲಿನದೇ ಬಣ್ಣ, ಮುರಕಲ್ಲಿನದೇ ಕಲೆ,
ಚೂಪು ತುದಿ ಒಳಗಿಟ್ಟು ಗುಟ್ಟು ಮಾತಾಡುವ ಹಾಗೆ.
ಗೂಡೆಂದರೆ ಒಂದು ಹುಲ್ಲುಕಡ್ಡಿಯೂ ಇಲ್ಲ,
ಸುತ್ತ ಏಳೆಂಟು ಹರಳು, ಅಷ್ಟೆ.
ಹತ್ತಿರದಲ್ಲೇ ಸರ್ವೆಯವರು ನೆಟ್ಟ ಕಲ್ಲು, ನಂಬರು ಮಾಸಿದ್ದು.

ಸ್ಟಾಪಿಲ್ಲದ ಕಡೆ ಕೈ ಅಡ್ಡ ಹಿಡಿದವರು ಎಷ್ಟು ಮಂದಿ!
ಹುಲ್ಲಿನ ಹೊರೆ, ಮಳೆ, ಕಂಕುಳಲ್ಲಿ ಮಗು.
ಎರಡು ವಿಸಿಲ್ ಹೊಡೆದು ದಾಟಿಸಿದ್ದೆ.
ಟೈಮು ಮೀರಿದರೆ ಹಿಂದಿನ ಬಸ್ಸಿನವನ ಜಗಳ.
ಈಗ ಯಾವ ಜಗಳವೂ ನೆನಪಿಲ್ಲ.
ಆ ಮಗುವಿನ ಕೆಂಪು ಟೊಪ್ಪಿ ನೆನಪುಂಟು.

ನಾವು ಹಿಂದೆ ಹಿಂದೆ ಸರಿದು ನೇರಳೆಯ ನೆರಳಿಗೆ ಬಂದೆವು.
ಬಿಸಿಲು ಏರಿತ್ತು. ಟಿಟ್ಟಿಭ ಹಳೆಯ ಕೋರೆಯ ನೀರಿಗಿಳಿದು
ಹೊಟ್ಟೆಯ ಗರಿ ನೆನೆಸಿ ಬಂದು
ಒದ್ದೆ ಮೈಯಲ್ಲೇ ಮೊಟ್ಟೆಗಳ ಮೇಲೆ ಕೂತಿತು.
ಮಿಸ್ರಿಯಾ ಪುಸ್ತಕ ತೆರೆದಳು, ಪೆನ್ನು ಕಚ್ಚಿದಳು,
ಏನೂ ಬರೆಯದೆ ಮುಚ್ಚಿದಳು.

ಕೆಳಗೆ ತಿರುವಿನಲ್ಲಿ ಹತ್ತೂವರೆಯ ಬಸ್ಸು,
ಸೆಕೆಂಡ್ ಗೇರು, ಆರು ನಿಮಿಷ ಲೇಟು.
ಉದ್ದಕ್ಕೆ ಹಾರ್ನ್ ಹೊಡೆಯಿತು.
ಹಕ್ಕಿ ತಲೆ ಎತ್ತಲಿಲ್ಲ.
ರೈಟ್, ಪೋಯಿ,
ಅಂದೆ, ನನಗೇ ಕೇಳುವಷ್ಟು.